ವಿಟ್‌ಮನ್ ಕೌಂಟಿಯ ಕೃಷಿ ಸಹಾಯಧನ: ಕಡಲೆ ಬೆಳೆದ ಹೊಲಕ್ಕೆ ಗೋಧಿಯ ಲೆಕ್ಕದಲ್ಲಿ ಹಣ ಬರುವುದು ಹೇಗೆ?

ಎರೆಹೊಲದ ಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವ ಅಂಚಿನಲ್ಲಿರುವ ವಿಟ್‌ಮನ್ ಕೌಂಟಿಯ ಪುಲ್‌ಮನ್ ಊರಿನಲ್ಲಿ ನಾವು ಕೆಲವು ವರ್ಷಗಳಿಂದ ನೆಲೆಸಿದ್ದೇವೆ. ನನ್ನ ತವರು ನವಲಗುಂದದ ಕಡೆ; ಹಿಂಗಾರಿಗೆ ಎರೆಹೊಲದಲ್ಲಿ ಕಡಲೆ, ಜೋಳ, ಕುಸುಬೆ ಬಿತ್ತುವ ಮನೆತನ. ವಿಶ್ವವಿದ್ಯಾಲಯದ ಆವರಣ ದಾಟಿದ ಕೂಡಲೇ ಇಲ್ಲಿ ಗುಡ್ಡದಿಂದ ಗುಡ್ಡಕ್ಕೆ ಗೋಧಿ, ಮಸೂರ, ಕಡಲೆಯ ಹೊಲಗಳು ಹಬ್ಬಿಕೊಂಡಿರುವುದರಿಂದ, ಒಂದು ರೈತ ಕುಟುಂಬದೊಂದಿಗೆ ನಮಗೆ ಸಹಜವಾಗಿಯೇ ಒಡನಾಟ ಬೆಳೆಯಿತು.

ಈಚೆಗೆ ಅವರ ಮನೆಗೆ ಹೋದಾಗ ಊಟದ ಮೇಜಿನ ಮೇಲೆ ವಿಮಾನದಿಂದ ತೆಗೆದ ಛಾಯಾಚಿತ್ರದ ನಕ್ಷೆಗಳನ್ನು ಹರಡಿಕೊಂಡು ಕುಳಿತಿದ್ದರು. ಪ್ರತಿ ಹೊಲದ ಗಡಿಗೂ ಗೆರೆ, ಗೆರೆಯೊಳಗೆ ಹೊಲದ ಸಂಖ್ಯೆ, ಅದರ ಪಕ್ಕದಲ್ಲಿ ಪೆನ್ನಿನಿಂದ ಬೆಳೆಯ ಹೆಸರು ಮತ್ತು ಬಿತ್ತಿದ ತಾರೀಖು. ಜುಲೈ ಮಧ್ಯದೊಳಗೆ ಕೌಂಟಿಯ ಎಫ್‌ಎಸ್‌ಎ ಕಚೇರಿಗೆ, ಅಂದರೆ ಕೃಷಿ ಇಲಾಖೆಯ ಫಾರ್ಮ್ ಸರ್ವಿಸ್ ಏಜೆನ್ಸಿಗೆ, ಈ ಬಿತ್ತನೆ ವಿವರವನ್ನು ಒಪ್ಪಿಸಬೇಕಂತೆ. ಆ ಮಾತಿನ ನಡುವೆ ಅವರು ಹೇಳಿದ ಒಂದು ಸಂಗತಿ ನನಗೆ ಬಗೆಹರಿಯಲಿಲ್ಲ. ಕಡಲೆ ಇದ್ದ ಒಂದು ಹೊಲಕ್ಕೆ ಹಿಂದೊಂದು ವರ್ಷ ಸರ್ಕಾರದಿಂದ ಹಣ ಬಂದದ್ದು ಗೋಧಿಯ ಲೆಕ್ಕದಲ್ಲಿ ಎಂದರು.

ಅನಂತರ ಈ ಕೌಂಟಿಗೆ ಬಂದ ಪಾವತಿಗಳ ಸಾರ್ವಜನಿಕ ಪಟ್ಟಿಯನ್ನು ನೋಡಿದೆ. ನನ್ನ ಗೊಂದಲ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಮಳೆ ಚೆನ್ನಾಗಿ ಆದ ಕೆಲವು ವರ್ಷಗಳ ಗೋಧಿಗೆ ದೊಡ್ಡ ಮೊತ್ತ ಸಂದಿದೆ. ಎಲ್ಲರೂ ಇಂದಿಗೂ ನೆನೆಯುವ 2021ರ ಬರಗಾಲದ ಗೋಧಿಗೆ ಬೆಲೆ ಬೆಂಬಲದ ಬಾಬಿನಲ್ಲಿ ಏನೂ ಬಂದಿಲ್ಲ. ಹಣ ಪಡೆದವರಲ್ಲಿ ಈ ಕೌಂಟಿಯಲ್ಲಿ ವಾಸವೇ ಇಲ್ಲದವರೂ ಇದ್ದಾರೆ. ಈ ಹಣ ಯಾವ ಲೆಕ್ಕದಲ್ಲಿ ಹಂಚಿಕೆಯಾಗುತ್ತದೆ, ಉಳುವವರಿಗೆ ಅದರಲ್ಲಿ ಎಷ್ಟು ತಲುಪುತ್ತದೆ, ಮತ್ತು ಇಲ್ಲಿ ಕಡಲೆ ಬೆಳೆಯುವವರಿಗೆ ಸಿಗುವ ಈ ಬೆಂಬಲದಿಂದ ನಮ್ಮ ಕಡೆಯ ಕಡಲೆಯ ದರಕ್ಕೆ ಪೆಟ್ಟು ಬೀಳುತ್ತದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಕೃಷಿ ಅರ್ಥಶಾಸ್ತ್ರದ ವಿದ್ಯಾರ್ಥಿ

ಮೇಡಂ, ನಿಮ್ಮ ಪರಿಚಯದ ರೈತರು ಹೇಳಿದ್ದು ಅಕ್ಷರಶಃ ನಿಜ. ಅದನ್ನು ಅರ್ಥ ಮಾಡಿಕೊಂಡರೆ ಪಟ್ಟಿಯ ಉಳಿದ ಅಂಕಿಗಳೂ ತಾವಾಗಿ ಬಿಡಿಸಿಕೊಳ್ಳುತ್ತವೆ.

ಅಮೆರಿಕದಲ್ಲಿ ಪ್ರತಿ ಜಮೀನಿನ ದಾಖಲೆಯಲ್ಲಿ 'ಬೇಸ್ ಎಕರೆ' ಎಂಬ ಒಂದು ಬಾಬು ಇರುತ್ತದೆ. ಈ ವರ್ಷ ಏನು ಬಿತ್ತಿದ್ದೀರಿ ಎಂಬುದಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಹಲವು ವರ್ಷಗಳ ಹಿಂದೆ ಆ ಜಮೀನಿನಲ್ಲಿ ಯಾವ ಬೆಳೆ ಎಷ್ಟು ಎಕರೆಯಲ್ಲಿತ್ತು ಎಂಬುದರ ಮೇಲೆ ಅದನ್ನು ನಿಗದಿ ಮಾಡಿರುತ್ತಾರೆ. 2014ರ ಕೃಷಿ ಕಾಯ್ದೆ ಬಂದಾಗ 2009ರಿಂದ 2012ರವರೆಗಿನ ಬಿತ್ತನೆಯನ್ನು ಆಧರಿಸಿ ಒಮ್ಮೆ ಬೆಳೆವಾರು ಮರುಹೊಂದಿಸಿಕೊಳ್ಳಲು ಮಾಲೀಕರಿಗೆ ಅವಕಾಶ ಕೊಟ್ಟಿದ್ದರು. ವಿಟ್‌ಮನ್ ದೇಶದಲ್ಲೇ ಅತಿ ಹೆಚ್ಚು ಗೋಧಿ ಬೆಳೆಯುವ ಕೌಂಟಿಗಳ ಸಾಲಿಗೆ ಸೇರಿದ್ದು. ಆದ್ದರಿಂದ ಅಲ್ಲಿನ ದಾಖಲೆಗಳಲ್ಲಿ ಗೋಧಿಯ ಎಕರೆಗಳದ್ದೇ ಸಿಂಹಪಾಲು. ಈ ವರ್ಷ ಅಲ್ಲಿ ಕಡಲೆ ಇರಲಿ, ಮಸೂರ ಇರಲಿ, ದಾಖಲೆಯ ಗೋಧಿ ಎಕರೆಗೆ ಗೋಧಿಯ ಬೆಲೆಯನ್ನು ನೋಡಿಯೇ ಹಣ ಕೊಡುತ್ತಾರೆ.

ಬೆಲೆ ಬೆಂಬಲದ ಮುಖ್ಯ ಯೋಜನೆ ಪಿಎಲ್‌ಸಿ, ಅಂದರೆ 'ಪ್ರೈಸ್ ಲಾಸ್ ಕವರೇಜ್'. ಸಂಸತ್ತು ಪ್ರತಿ ಬೆಳೆಗೂ ಒಂದು ಉಲ್ಲೇಖ ಬೆಲೆಯನ್ನು ಕಾಯ್ದೆಯಲ್ಲೇ ಬರೆದಿಟ್ಟಿದೆ. ಗೋಧಿಗೆ ಅದು ಬುಷೆಲ್‌ಗೆ, ಎಂದರೆ ಸುಮಾರು 27 ಕಿಲೋಗೆ, 5.50 ಡಾಲರ್ ಇತ್ತು. ದೇಶದ ಸರಾಸರಿ ಮಾರುಕಟ್ಟೆ ದರ ಅದಕ್ಕಿಂತ ಕೆಳಗೆ ಇಳಿದರೆ ಆ ವ್ಯತ್ಯಾಸವನ್ನು ಸರ್ಕಾರ ತುಂಬಿಕೊಡುತ್ತದೆ. 2016ರ ಗೋಧಿಗೆ ಸರಾಸರಿ ದರ 3.89 ಡಾಲರ್, ವ್ಯತ್ಯಾಸ 1.61. ಒಬ್ಬ ರೈತನ ಜಮೀನಿನ ದಾಖಲೆಯಲ್ಲಿ ಗೋಧಿಯ 100 ಬೇಸ್ ಎಕರೆ ಇದ್ದು, ದಾಖಲೆಯಲ್ಲಿನ ಇಳುವರಿ ಎಕರೆಗೆ 60 ಬುಷೆಲ್ ಎಂದು ಹಿಡಿಯೋಣ. ನೂರರಲ್ಲಿ 85 ಎಕರೆಗೆ ಮಾತ್ರ ಪಾವತಿ ಎಂಬ ನಿಯಮವಿರುವುದರಿಂದ 85ನ್ನು 60ರಿಂದಲೂ ಬಂದದ್ದನ್ನು 1.61ರಿಂದಲೂ ಗುಣಿಸಿದರೆ 8,211 ಡಾಲರ್ ಆಗುತ್ತದೆ. ಆ ವರ್ಷ ಆತನ ಕಣಜಕ್ಕೆ 60 ಬುಷೆಲ್ ಬಂದಿತ್ತೋ 90 ಬಂದಿತ್ತೋ ಯಾರೂ ಕೇಳುವುದಿಲ್ಲ. ಅಲ್ಲದೆ ಆ ಹಣ ಕೈಸೇರುವುದು 2017ರ ಅಕ್ಟೋಬರಿನಲ್ಲಿ. ಗೋಧಿಯ ಮಾರಾಟ ವರ್ಷ ಜೂನ್‌ನಿಂದ ಮೇವರೆಗೆ ನಡೆಯುವುದರಿಂದ ಅದು ಮುಗಿಯುವವರೆಗೆ ಸರಾಸರಿಯನ್ನು ಕಟ್ಟಲಾಗುವುದಿಲ್ಲ. ಪಟ್ಟಿಯಲ್ಲಿನ ವರ್ಷವನ್ನು ಸುಗ್ಗಿಯ ವರ್ಷದೊಂದಿಗೆ ಹೊಂದಿಸಲು ಹೋದವರು ತಪ್ಪುವುದು ಇಲ್ಲಿಯೇ.

ಈಗ 2021ಕ್ಕೆ ಬನ್ನಿ. ಆ ಬರದಲ್ಲಿ ವಾಷಿಂಗ್ಟನ್ ರಾಜ್ಯದ ಗೋಧಿ ಉತ್ಪನ್ನ ಹಿಂದಿನ ವರ್ಷದ ಸುಮಾರು ಅರ್ಧಕ್ಕೆ ಕುಸಿಯಿತು. ಆದರೆ ದೇಶದ ಸರಾಸರಿ ದರ 7.63 ಡಾಲರ್‌ಗೆ ಏರಿತ್ತು. ಬೆಲೆ ಕುಸಿಯದ ಕಾರಣ ಗೋಧಿಗೆ ಪಿಎಲ್‌ಸಿ ಪಾವತಿ ಸೊನ್ನೆ. ಆಗ ರೈತರ ಕೈ ಹಿಡಿದದ್ದು ಬೆಳೆ ವಿಮೆ, ಮತ್ತು 2022ರಲ್ಲಿ ಬಂದ ತುರ್ತು ಪರಿಹಾರ. ವಿಮೆಯ ಕಂತಿನಲ್ಲಿ ಸರಾಸರಿ ಶೇಕಡಾ 60ಕ್ಕಿಂತ ಹೆಚ್ಚು ಭಾಗವನ್ನು ಒಕ್ಕೂಟ ಸರ್ಕಾರವೇ ಕಟ್ಟುತ್ತದೆ. ಆದರೆ ಈ ಕಂತಿನ ಸಹಾಯಧನ ಯಾವ ರೈತನಿಗೆ ಎಷ್ಟು ಸಂದಿತು ಎಂಬ ಹೆಸರುವಾರು ವಿವರವನ್ನು ಬಹಿರಂಗಪಡಿಸುವುದಿಲ್ಲ. ಇತರ ಯೋಜನೆಗಳಲ್ಲಿರುವಂಥ ಮಿತಿಯೂ ಅದಕ್ಕಿಲ್ಲ. ನೀವು ನೋಡಿದ ಪಟ್ಟಿಯಲ್ಲಿ ದೊಡ್ಡದೊಂದು ಭಾಗವೇ ಕಾಣದಿರುವುದು ಇದರಿಂದ. ನನ್ನ ಮಟ್ಟಿಗೆ ಇದು ಈ ಇಡೀ ವ್ಯವಸ್ಥೆಯ ದೊಡ್ಡ ಕೊರತೆ. ಸಾರ್ವಜನಿಕರ ಹಣ ಯಾರಿಗೆ ಹೋಗುತ್ತಿದೆ ಎಂದು ಕೇಳುವ ಹಕ್ಕು ಅರ್ಧ ದಾರಿಯಲ್ಲೇ ನಿಂತುಬಿಡಬಾರದು.

ಹೋಬಳಿಯವನು

ಮೇಲಿನ ಉತ್ತರ ಓದಿದ ಮೇಲೆ, ಕರ್ನಾಟಕದಲ್ಲಿ ಬೆಳೆ ಪರಿಹಾರದ ಕಡತಗಳ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದ ನನಗೆ ತೋಚಿದ್ದನ್ನು ಸೇರಿಸುತ್ತೇನೆ. ಹಣದ ಪ್ರಮಾಣದಲ್ಲಿ ಎರಡೂ ಕಡೆಗೆ ಅಜಗಜಾಂತರ. ದಾಖಲೆಯೇ ಅರ್ಹತೆಯನ್ನು ತೀರ್ಮಾನಿಸುವ ರೀತಿ ಮಾತ್ರ ಎರಡೂ ಕಡೆ ಒಂದೇ.

ಪಿಎಂ ಕಿಸಾನ್‌ನಲ್ಲಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತಿನಲ್ಲಿ ಬರುತ್ತದೆ. ಅದಕ್ಕೆ ಜಮೀನು 2019ರ ಫೆಬ್ರವರಿ 1ರಂದು ಯಾರ ಹೆಸರಿನಲ್ಲಿತ್ತು ಎಂಬುದೇ ಆಧಾರ. ಆಮೇಲೆ ಕೊಂಡುಕೊಂಡವರಿಗೆ ಸಿಗುವುದಿಲ್ಲ, ಪೌತಿ ಖಾತೆಯಾದ ವಾರಸುದಾರರಿಗೆ ಸಿಗುತ್ತದೆ. ಲಾವಣಿಗೆ ಅಥವಾ ಪಾಲಿಗೆ ಮಾಡುವವರಿಗಂತೂ ಆ ಯೋಜನೆಯಲ್ಲಿ ಜಾಗವೇ ಇಲ್ಲ. ನಮ್ಮಲ್ಲಿ 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿಯನ್ನೇ ನಿಷೇಧಿಸಿದ್ದರಿಂದ, ಇಂದು ಮಾತಿನ ಮೇಲೆ ಹೊಲ ಹಿಡಿದು ಉಳುವವರ ಹೆಸರು ಪಹಣಿಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಉಳುವವನಿಗೆ ಭೂಮಿ ಕೊಡಿಸಿದ ಕಾಯ್ದೆಯ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಅದರ ನೆರಳಿನಲ್ಲಿ ಹೊಸದಾಗಿ ಹುಟ್ಟಿದ ಗೇಣಿದಾರರನ್ನು ಯಾವ ಸರ್ಕಾರವೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂಬುದು ನನ್ನನ್ನು ಕಾಡುತ್ತಲೇ ಇದೆ.

ಇನ್ನೊಂದು ಸಾಮ್ಯವೂ ಇದೆ. ಪಿಎಲ್‌ಸಿ ಬೇಡವೆನ್ನುವ ರೈತರು ಅಲ್ಲಿ ಎಆರ್‌ಸಿ ಎಂಬ ಇನ್ನೊಂದು ಯೋಜನೆಯನ್ನು ಆರಿಸಿಕೊಳ್ಳಬಹುದು. ಅದರ ಕೌಂಟಿ ಮಾದರಿಯಲ್ಲಿ ಇಡೀ ಕೌಂಟಿಯ ಸರಾಸರಿ ಇಳುವರಿಯನ್ನು ದೇಶದ ಬೆಲೆಯಿಂದ ಗುಣಿಸಿ, ಬಂದ ಆದಾಯವು ಮೊದಲೇ ನಿಗದಿಯಾದ ಮಟ್ಟಕ್ಕಿಂತ ಕಡಿಮೆಯಾದರೆ ಮಾತ್ರ ಹಣ ಕೊಡುತ್ತಾರೆ. ನಿಮ್ಮ ಹೊಲ ಪೂರ್ತಿ ಒಣಗಿದರೂ ಕೌಂಟಿಯ ಸರಾಸರಿ ಚೆನ್ನಾಗಿದ್ದರೆ ಕಾಸೂ ಬರುವುದಿಲ್ಲ. ನಮ್ಮ ಫಸಲ್ ಬಿಮಾದಲ್ಲಿ ಹೋಬಳಿ ಅಥವಾ ಗ್ರಾಮ ಪಂಚಾಯಿತಿಯನ್ನು ಘಟಕವಾಗಿಟ್ಟುಕೊಂಡು ಬೆಳೆ ಕಟಾವು ಪ್ರಯೋಗದ ಸರಾಸರಿಯ ಮೇಲೆ ಪರಿಹಾರ ಲೆಕ್ಕ ಹಾಕುವುದೂ ಇದೇ ತರ್ಕದ ಮೇಲೆ. ಪಕ್ಕದ ಹಳ್ಳಿಯಲ್ಲಿ ಮಳೆ ಬಿದ್ದಿತೆಂದು ತನಗೆ ಪರಿಹಾರ ತಪ್ಪಿತೆಂದು ಅಳಲು ತೋಡಿಕೊಳ್ಳುವ ರೈತರನ್ನು ನಾನು ಪ್ರತಿ ಹಂಗಾಮಿನಲ್ಲೂ ಕಂಡಿದ್ದೇನೆ. ಅಮೆರಿಕದ ಕೌಂಟಿ ನಮ್ಮ ಹೋಬಳಿಗಿಂತ ಎಷ್ಟೋ ಪಟ್ಟು ದೊಡ್ಡದಾದ್ದರಿಂದ ಅಲ್ಲಿ ಈ ಅನ್ಯಾಯ ಇನ್ನೂ ಹೆಚ್ಚೇ ಇರಬೇಕು.

ಎರೆಹೊಲದ ಮಗಳು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಗೋಧಿಯ ಲೆಕ್ಕ ಈಗ ಸ್ಪಷ್ಟವಾಯಿತು. ಆದರೆ ನನ್ನನ್ನು ಹೆಚ್ಚು ಕಾಡುತ್ತಿರುವುದು ಹೋಬಳಿಯವರು ಎತ್ತಿದ ವಿಷಯವೇ. ನಮ್ಮ ಪರಿಚಯದ ಕುಟುಂಬ ಉಳುವ ಜಮೀನಿನಲ್ಲಿ ಸ್ವಂತದ್ದು ಸ್ವಲ್ಪ. ಉಳಿದದ್ದೆಲ್ಲ ಬೇರೆಯವರದು, ಅವರಲ್ಲಿ ಹಲವರು ನಗರಗಳಲ್ಲಿರುವ ವಾರಸುದಾರರು. ಹಾಗಿದ್ದರೆ ಹಣ ಉಳುವವರಿಗೋ, ಒಡೆಯರಿಗೋ? ಇನ್ನೊಂದು ವಿಷಯ: ಊರ ಸುತ್ತ ಕೆಲವು ಕಡಿದಾದ ಇಳಿಜಾರುಗಳಲ್ಲಿ ವರ್ಷಗಳಿಂದ ಬರಿಯ ಹುಲ್ಲು ಬೆಳೆದಿದೆ, ಅದಕ್ಕೂ ಸರ್ಕಾರ ಹಣ ಕೊಡುತ್ತದೆ ಎನ್ನುತ್ತಾರೆ. ಬಿತ್ತದೆ ಬಿಟ್ಟ ನೆಲಕ್ಕೆ ಹಣವೇಕೆ?

ಸ್ಪೊಕೇನ್ ಕನ್ನಡಿಗ

ನಾನು ಈ ಭಾಗದಲ್ಲಿ ಹಲವು ವರ್ಷಗಳಿಂದ ರೈತರ ತೆರಿಗೆ ಲೆಕ್ಕಪತ್ರಗಳನ್ನು ನೋಡುತ್ತಿರುವವನು. ಆ ಅನುಭವದಿಂದ ಹೇಳುತ್ತೇನೆ.

ಹುಲ್ಲಿನ ಇಳಿಜಾರಿನಿಂದಲೇ ಆರಂಭಿಸೋಣ, ಏಕೆಂದರೆ ಆ ಹಣವನ್ನು ನಾನು ಮನಸಾರೆ ಸಮರ್ಥಿಸುತ್ತೇನೆ. ಈ ಸೀಮೆಗೆ ಪಲೂಸ್ ಎಂದು ಹೆಸರು. ಗಾಳಿ ಹೊತ್ತು ತಂದು ರಾಶಿ ಹಾಕಿದ ಹುಡಿಮಣ್ಣಿನ ಗುಡ್ಡಗಳಿವು. ಕೆಲವು ಇಳಿಜಾರುಗಳು ಎಷ್ಟು ಕಡಿದೆಂದರೆ, ಚಕ್ರಗಳು ವಾಲಿದರೂ ಒಡಲು ಮಟ್ಟಸವಾಗಿ ನಿಲ್ಲುವ ವಿಶೇಷ ಕಟಾವು ಯಂತ್ರಗಳನ್ನೇ ಇಲ್ಲಿ ಬಳಸುತ್ತಾರೆ. ಇಂಥ ನೆಲವನ್ನು ಉತ್ತು ಬರಿದು ಬಿಟ್ಟಾಗ ಮಳೆಗೆ, ಕರಗುವ ಹಿಮಕ್ಕೆ ಮಣ್ಣು ಕೊಚ್ಚಿಹೋಗುತ್ತದೆ. ಪಲೂಸ್ ಜಲಾನಯನದ ಉಳುಮೆ ನೆಲದಲ್ಲಿ ಹತ್ತನೆಯ ಒಂದು ಪಾಲು ತನ್ನ ಮೂಲ ಮೇಲ್ಮಣ್ಣನ್ನು ಪೂರ್ತಿ ಕಳೆದುಕೊಂಡಿದೆ ಎಂದು ಕೃಷಿ ಇಲಾಖೆಯ 1978ರ ಅಧ್ಯಯನ ಹೇಳಿತ್ತು. 1985ರ ಕಾಯ್ದೆಯಲ್ಲಿ ಬಂದ ಸಿಆರ್‌ಪಿ ಯೋಜನೆಯಲ್ಲಿ ಮಾಲೀಕರು 10ರಿಂದ 15 ವರ್ಷ ಅಂಥ ನೆಲದಲ್ಲಿ ಹುಲ್ಲು ಬೆಳೆಸಿ ಹಾಗೆಯೇ ಬಿಡುವುದಾಗಿ ಕರಾರು ಮಾಡಿಕೊಳ್ಳುತ್ತಾರೆ, ಸರ್ಕಾರ ವರ್ಷವರ್ಷ ಬಾಡಿಗೆ ಕೊಡುತ್ತದೆ. ಒಂದು ಕೌಂಟಿಯ ಸಾಗುವಳಿ ನೆಲದಲ್ಲಿ ಸಾಮಾನ್ಯವಾಗಿ ಶೇಕಡಾ 25ಕ್ಕಿಂತ ಹೆಚ್ಚನ್ನು ಹೀಗೆ ಸೇರಿಸುವಂತಿಲ್ಲ. ನೆಲವೆಲ್ಲ ಹುಲ್ಲಾದರೆ ಗೊಬ್ಬರದ ಅಂಗಡಿ, ಯಂತ್ರ ದುರಸ್ತಿಯವರು, ಧಾನ್ಯ ಗೋದಾಮಿನವರು ಬದುಕುವುದು ಹೇಗೆ ಎಂಬ ಕಾಳಜಿ ಆ ಮಿತಿಯ ಹಿಂದಿದೆ.

ಇನ್ನು ಉಳುವವರು ಮತ್ತು ಒಡೆಯರ ವಿಷಯ. ನಗದು ಗುತ್ತಿಗೆಯಾದರೆ ಪಿಎಲ್‌ಸಿ, ಎಆರ್‌ಸಿ ಹಣ ಉಳುವವರಿಗೇ ಹೋಗಬೇಕು, ಏಕೆಂದರೆ ಲಾಭ ನಷ್ಟ ಎರಡೂ ಅವರವೇ. ಆದರೆ ಪಲೂಸ್‌ನಲ್ಲಿ ಬೆಳೆಯನ್ನು ಪಾಲು ಹಂಚಿಕೊಳ್ಳುವ ಗುತ್ತಿಗೆ ಹಳೆಯದು. ಒಡೆಯರಿಗೆ ಮೂರರಲ್ಲೊಂದು, ಉಳುವವರಿಗೆ ಮೂರರಲ್ಲೆರಡು ಎಂಬುದು ಬಹುಕಾಲದ ರೂಢಿ. ಪಾಲಿನ ಗುತ್ತಿಗೆಯಲ್ಲಿ ಒಡೆಯರೂ ನಷ್ಟದಲ್ಲಿ ಭಾಗಿಗಳೆಂದು ಸರ್ಕಾರದ ಹಣವೂ ಅದೇ ಪಾಲಿನಲ್ಲಿ ಹಂಚಿಹೋಗುತ್ತದೆ. ನಗರಗಳಲ್ಲಿರುವವರ ಹೆಸರು ಪಟ್ಟಿಯಲ್ಲಿ ಕಾಣಿಸುವುದಕ್ಕೆ ಮುಖ್ಯ ಕಾರಣ ಇದು. ಅದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ.

ಕಾನೂನಿಗೆ ಕಾಣದ ಸಂಗತಿ ಇನ್ನೊಂದಿದೆ. ನಗದು ಗುತ್ತಿಗೆಯಲ್ಲಿ ಹಣ ಉಳುವವರ ಖಾತೆಗೇ ಬಂದರೂ, ಅಂಥ ಹಣ ಬರುತ್ತದೆಂದು ಒಡೆಯರಿಗೂ ಗೊತ್ತು, ಆ ಹೊಲವನ್ನು ಹಿಡಿಯಲು ಕಾದಿರುವ ನೆರೆಯ ದೊಡ್ಡ ರೈತರಿಗೂ ಗೊತ್ತು. ಮುಂದಿನ ಸಲ ಕರಾರು ನವೀಕರಿಸುವಾಗ ಎಕರೆಗೆ ಇಷ್ಟು ಹೆಚ್ಚು ಕೊಡಿ ಎನ್ನುತ್ತಾರೆ. ಹೀಗೆ ಒಂದಷ್ಟು ಹಣ ಗುತ್ತಿಗೆಯ ಮೊತ್ತಕ್ಕೆ, ಅಲ್ಲಿಂದ ನೆಲದ ಬೆಲೆಗೆ ಸೇರಿಹೋಗುತ್ತದೆ. ತಂದೆಯಿಂದ ಎಕರೆಗಟ್ಟಲೆ ನೆಲ ಬಂದವರಿಗೆ ಇದರಿಂದ ಆಸ್ತಿ ಬೆಳೆಯುತ್ತದೆ. ಹೊಸದಾಗಿ ಬೇಸಾಯಕ್ಕೆ ಇಳಿಯಬೇಕೆನ್ನುವ ಯುವಕರಿಗೆ ಅದೇ ನೆಲ ಕೈಗೆಟುಕದಂತಾಗುತ್ತದೆ. ಯುವ ರೈತರ ಲೆಕ್ಕಪತ್ರ ನೋಡುವಾಗಲೆಲ್ಲ ನನಗೆ ಸಂಕಟವಾಗುವುದು ಈ ಕಾರಣಕ್ಕೆ. ಅವರಿಗೆ ನೆರವಾಗಬೇಕಾದ ಹಣವೇ ಅವರ ದಾರಿಗೆ ಅಡ್ಡವಾಗುತ್ತಿದೆ.

ಮಿತಿಗಳು ಇಲ್ಲವೆಂದಲ್ಲ. ಪಿಎಲ್‌ಸಿ ಮತ್ತು ಎಆರ್‌ಸಿ ಸೇರಿ ಒಬ್ಬರಿಗೆ ವರ್ಷಕ್ಕೆ 1,25,000 ಡಾಲರ್ ಗರಿಷ್ಠವಾಗಿತ್ತು. 2025ರ ಬೆಳೆಗೆ ಅದನ್ನು 1,55,000ಕ್ಕೆ ಏರಿಸಿದರು. ಸರಾಸರಿ ಆದಾಯ 9 ಲಕ್ಷ ಡಾಲರ್ ದಾಟಿದವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಆದರೆ ಪಾಲುದಾರಿಕೆಯ ಫಾರ್ಮ್‌ನಲ್ಲಿ ಪ್ರತಿ ಪಾಲುದಾರರಿಗೂ ಪ್ರತ್ಯೇಕ ಮಿತಿ. ಅವರು ಬೇಸಾಯದಲ್ಲಿ 'ಸಕ್ರಿಯವಾಗಿ ತೊಡಗಿರಬೇಕು' ಎಂಬ ಷರತ್ತಿದೆಯಾದರೂ ಕುಟುಂಬದವರಿಗೆ ಅದು ಸಡಿಲ, ಮತ್ತು 2018ರ ಕಾಯ್ದೆ ಆ ಕುಟುಂಬದೊಳಗೆ ಒಡಹುಟ್ಟಿದವರ ಮಕ್ಕಳನ್ನೂ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳನ್ನೂ ಸೇರಿಸಿತು. ದೊಡ್ಡ ಫಾರ್ಮ್‌ಗಳಿಗೆ ಮಿತಿ ತಟ್ಟದಂತೆ ಇಷ್ಟು ಸಾಕು.

ಕೃಷಿ ಅರ್ಥಶಾಸ್ತ್ರದ ವಿದ್ಯಾರ್ಥಿ

ಸ್ಪೊಕೇನ್‌ನವರ ಮಾತನ್ನು ಬಹುಪಾಲು ಒಪ್ಪುತ್ತೇನೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಗೋಧಿಯ ದರ 2016ರಿಂದ 2020ರವರೆಗಿನ ಐದೂ ಬೆಳೆಗಳಿಗೆ ಉಲ್ಲೇಖ ಬೆಲೆಯ ಕೆಳಗೇ ಇತ್ತು. ಯಂತ್ರದ ಸಾಲ, ಗೊಬ್ಬರದ ಬಾಕಿ ಇರುವ ಕುಟುಂಬಗಳು ಆ ವರ್ಷಗಳನ್ನು ದಾಟಿದ್ದರಲ್ಲಿ ಈ ಹಣದ ಪಾತ್ರ ಸಣ್ಣದಲ್ಲ. ದೊಡ್ಡವರಿಗೆ ಹೆಚ್ಚು ಸಿಗುತ್ತದೆಂಬ ಕಾರಣಕ್ಕೆ ಯೋಜನೆಯನ್ನೇ ಕಿತ್ತುಹಾಕಿದರೆ ಮೊದಲು ಬೀಳುವವರು ಸಾಲ ಹೊತ್ತ ಮಧ್ಯಮ ರೈತರು. ತಿದ್ದಬೇಕಾದದ್ದು ಎಕರೆಗಳ ಲೆಕ್ಕವನ್ನು ಮತ್ತು ಮಿತಿಯ ನಿಯಮವನ್ನು.

ಕಡಲೆಯ ದರದ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ಪಲೂಸ್‌ನಲ್ಲಿ ಬೆಳೆಯುವುದು ಹೆಚ್ಚಾಗಿ ಕಾಬೂಲಿ ಕಡಲೆ. ನವಲಗುಂದ, ಗದಗಿನ ಎರೆಹೊಲಗಳಲ್ಲಿ ಬೆಳೆಯುವುದು ಹೆಚ್ಚಾಗಿ ಸಣ್ಣ ಕಂದು ದೇಸಿ ಕಡಲೆ, ಬೇಳೆಗೂ ಹಿಟ್ಟಿಗೂ ಆಗುವಂಥದ್ದು. ಎರಡರ ಮಾರುಕಟ್ಟೆ ಬೇರೆ ಬೇರೆ. ಕಡಲೆಗೆ ಪಿಎಲ್‌ಸಿಯಲ್ಲಿ ತನ್ನದೇ ಉಲ್ಲೇಖ ಬೆಲೆ ಇದೆ: ದೊಡ್ಡ ಕಾಬೂಲಿಗೆ 100 ಪೌಂಡಿಗೆ, ಎಂದರೆ 45 ಕಿಲೋ ಚಿಲ್ಲರೆಗೆ, 21.54 ಡಾಲರ್ ಇದ್ದದ್ದು 2025ರ ಕಾಯ್ದೆಯಲ್ಲಿ 25.65 ಆಯಿತು. ಆದರೆ ಕಡಲೆಯ ಹೆಸರಿನ ಬೇಸ್ ಎಕರೆಗಳು ಗೋಧಿಯ ಮುಂದೆ ತೀರಾ ಕಡಿಮೆ.

ನಮ್ಮ ಕಡಲೆಯ ದರವನ್ನು ಇದಕ್ಕಿಂತ ಹೆಚ್ಚಾಗಿ ಅಲುಗಾಡಿಸುವುದು ದೆಹಲಿಯ ಆಮದು ಸುಂಕ. 2017ರ ಡಿಸೆಂಬರಿನಲ್ಲಿ ಕಡಲೆ ಮತ್ತು ಮಸೂರದ ಮೇಲೆ ಶೇಕಡಾ 30ರ ಸುಂಕ ಬಂತು. ಅನಂತರ ಕಡಲೆಯದು ಇನ್ನೂ ಏರಿತು. 2024ರ ಮೇ ತಿಂಗಳಿನಲ್ಲಿ ದೇಸಿ ಕಡಲೆಯ ಸುಂಕವನ್ನು ಪೂರ್ತಿ ತೆಗೆದರು, 2025ರ ಏಪ್ರಿಲ್‌ನಿಂದ ಶೇಕಡಾ 10 ಹಾಕಿದರು. ಸುಂಕ ಇಳಿದಾಗ ಆಸ್ಟ್ರೇಲಿಯಾ, ತಾಂಜಾನಿಯಾಗಳ ಮಾಲು ಬಂದರಿಗೆ ಬರುತ್ತದೆ, ನಮ್ಮ ಎಪಿಎಂಸಿಗಳಲ್ಲಿ ದರ ತಗ್ಗುತ್ತದೆ. 2025-26ರ ಹಿಂಗಾರು ಮಾರಾಟಕ್ಕೆ ಕ್ವಿಂಟಲ್‌ಗೆ 5,650 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿತ್ತು. ಆದರೆ ಖರೀದಿ ಕೇಂದ್ರ ತೆರೆಯುವುದು ತಡವಾದರೆ ಸಾಲವಿರುವ ರೈತರು ಕಾಯುವುದಿಲ್ಲ, ಕಾಯಲಾರರು ಕೂಡ. ಅಮೆರಿಕದ ಪಿಎಲ್‌ಸಿಯಲ್ಲಿ ಸರ್ಕಾರ ಒಂದು ಕಾಳನ್ನೂ ಕೊಳ್ಳುವುದಿಲ್ಲ, ವ್ಯತ್ಯಾಸವನ್ನು ಮಾತ್ರ ಖಾತೆಗೆ ಹಾಕುತ್ತದೆ. ನಮ್ಮಲ್ಲೂ 2025ರಲ್ಲಿ ತೋತಾಪುರಿ ಮಾವಿಗೆ ಇಂಥದೇ ಬೆಲೆ ವ್ಯತ್ಯಾಸದ ಪಾವತಿಗೆ ಕೇಂದ್ರ ಒಪ್ಪಿತ್ತು. ಕಡಲೆಗೂ ಅದನ್ನು ಗಂಭೀರವಾಗಿ ಪರಿಶೀಲಿಸಬೇಕೆಂಬುದು ನನ್ನ ಅಭಿಪ್ರಾಯ, ಉಳುವವರ ಹೆಸರನ್ನು ಬೆಳೆ ಸಮೀಕ್ಷೆಯಲ್ಲಿ ದಾಖಲಿಸುವುದಾದರೆ ಮಾತ್ರ.

ಪೆಟ್ಟು ತಿರುಗುಮುರುಗಾಗಿ ಬಿದ್ದ ಉದಾಹರಣೆಯೂ ಇದೆ. ಉಕ್ಕು ಮತ್ತು ಅಲ್ಯೂಮಿನಿಯಂ ಮೇಲೆ ಅಮೆರಿಕ ಹಾಕಿದ ಸುಂಕಕ್ಕೆ ಪ್ರತಿಯಾಗಿ ಭಾರತ 2019ರ ಜೂನ್‌ನಲ್ಲಿ ಅಲ್ಲಿನ ಕಡಲೆ, ಮಸೂರದ ಮೇಲೆ ಹೆಚ್ಚುವರಿ ಸುಂಕ ಹಾಕಿತು. ಅದು 2023ರ ಸೆಪ್ಟೆಂಬರ್‌ವರೆಗೆ ಇತ್ತು. ಆಗ ವಿಟ್‌ಮನ್‌ನ ರೈತರಿಗೂ ತಾಪತ್ರಯವಾಯಿತು. ಬೇರೆ ದೇಶಗಳ ಪ್ರತಿಸುಂಕದ ನಷ್ಟಕ್ಕೆಂದು ಟ್ರಂಪ್ ಸರ್ಕಾರ 2019ರಲ್ಲಿ ಕೊಟ್ಟ ಪರಿಹಾರದ ಯಾದಿಯಲ್ಲಿ ಕಡಲೆ, ಮಸೂರಗಳೂ ಇದ್ದವು, ಮತ್ತು ಅದರ ದರವನ್ನು ಕೌಂಟಿವಾರು ಎಕರೆಗೆ 15ರಿಂದ 150 ಡಾಲರ್‌ವರೆಗೆ ಬೇರೆ ಬೇರೆಯಾಗಿ ನಿಗದಿ ಮಾಡಿದ್ದರು. ರಸ್ತೆಯ ಈಚೆ ಒಂದು ಕೌಂಟಿ, ಆಚೆ ಇನ್ನೊಂದು ಕೌಂಟಿಯಾದರೆ ಒಂದೇ ಬೆಳೆಗೆ ಎರಡು ದರ.

ಎರೆಹೊಲದ ಮಗಳು

ಕೊನೆಯದಾಗಿ ಒಂದು ಪ್ರಶ್ನೆ. ಆ ಕುಟುಂಬದ ಹಿರಿಯ ಮಗ ಈಗ ತಾನೇ ಬೇಸಾಯಕ್ಕೆ ಸೇರಿದ್ದಾನೆ. ಹೊಸ ಕಾಯ್ದೆಯಲ್ಲಿ ಬೇಸ್ ಎಕರೆಗಳನ್ನು ಹೆಚ್ಚಿಸುತ್ತಾರೆಂದು ಅವರು ನಿರೀಕ್ಷೆಯಲ್ಲಿದ್ದಾರೆ. ಕಡಲೆ ಬಿತ್ತಿದ ಹೊಲಕ್ಕೆ ಕಡಲೆಯ ಹೆಸರಿನಲ್ಲೇ ಎಕರೆ ಸಿಗಬಹುದೇ?

ಸ್ಪೊಕೇನ್ ಕನ್ನಡಿಗ

ಸಿಗಬಹುದು. 2025ರ ಕಾಯ್ದೆ ಇಡೀ ದೇಶಕ್ಕೆ ಗರಿಷ್ಠ 3 ಕೋಟಿ ಹೊಸ ಬೇಸ್ ಎಕರೆಗಳಿಗೆ ಅವಕಾಶ ಕೊಟ್ಟಿದೆ. 2019ರಿಂದ 2023ರವರೆಗಿನ ಸರಾಸರಿ ಬಿತ್ತನೆಯು ಆ ಫಾರ್ಮ್‌ನ ಈಗಿನ ಬೇಸ್‌ಗಿಂತ ಹೆಚ್ಚಿದ್ದರೆ ಹೆಚ್ಚಿನ ಭಾಗಕ್ಕೆ ಹೊಸ ಎಕರೆ ಸೇರಿಸುತ್ತಾರೆ. ನೀವು ನೋಡಿದ ಆ ನಕ್ಷೆ, ಅದರ ಮೇಲೆ ಬರೆದ ಬೆಳೆ ಮತ್ತು ತಾರೀಖು, ಇಲ್ಲಿ ಆಧಾರವಾಗುತ್ತವೆ. ಆದ್ದರಿಂದ ಆ ಐದು ವರ್ಷಗಳಲ್ಲಿ ಕಚೇರಿಗೆ ಒಪ್ಪಿಸಿದ ಬಿತ್ತನೆ ವರದಿಗಳ ಪ್ರತಿಯನ್ನು ಕೌಂಟಿ ಕಚೇರಿಯಿಂದ ಪಡೆದು, ಹೊಲಸಂಖ್ಯೆಗಳು ತಾಳೆಯಾಗುತ್ತವೆಯೇ ಎಂದು ಒಂದೊಂದಾಗಿ ನೋಡಿಕೊಳ್ಳಲು ಹೇಳಿ. ಗೋಧಿಯ ಉಲ್ಲೇಖ ಬೆಲೆ ಈಗ 6.35 ಡಾಲರ್‌ಗೆ ಏರಿರುವುದರಿಂದ ಹಳೆಯ ಎಕರೆಗಳಿಗೂ ಮಹತ್ವ ಹೆಚ್ಚಿದೆ. 2019ರ ಬೆಳೆಗಿದ್ದ 4.58 ಡಾಲರ್ ದರವೇ ಮರುಕಳಿಸಿದರೆ ಅಂದು ಬುಷೆಲ್‌ಗೆ 92 ಸೆಂಟ್ ಸಿಕ್ಕಿದ್ದ ಕಡೆ ಈಗ 1.77 ಡಾಲರ್ ಸಿಗುತ್ತದೆ.

ಆದರೆ ಹೊಸ ಎಕರೆ ಸೇರುವುದು ನೆಲದ ದಾಖಲೆಗೆ, ಉಳುವವರ ಹೆಸರಿಗಲ್ಲ. ಅದನ್ನು ಒಪ್ಪುವ ಅಥವಾ ಬೇಡವೆನ್ನುವ ಅಧಿಕಾರವೂ ಮಾಲೀಕರದು. ಆ ಐದು ವರ್ಷ ಕಡಲೆ ಬಿತ್ತಿದವರು ನಿಮ್ಮ ಪರಿಚಯದ ಕುಟುಂಬದವರೇ ಆಗಿದ್ದರೂ, ನಾಳೆ ಗುತ್ತಿಗೆ ಕೈತಪ್ಪಿದರೆ ಆ ಎಕರೆಗಳು ಹೊಲದೊಂದಿಗೇ ಉಳಿಯುತ್ತವೆ. ಹಾಗಾಗಿ ಈ ಸಲ ಕರಾರು ನವೀಕರಿಸುವಾಗ ಅವಧಿಯನ್ನು ಕನಿಷ್ಠ ಐದು ವರ್ಷಕ್ಕೆ ಕೇಳಲಿ, ಮತ್ತು ಸರ್ಕಾರದ ಪಾವತಿ ಯಾರಿಗೆ ಎಷ್ಟು ಪಾಲು ಎಂಬುದನ್ನು ಬಾಯಿಮಾತಿಗೆ ಬಿಡದೆ ಬರವಣಿಗೆಯಲ್ಲಿ ಇಡಿಸಿಕೊಳ್ಳಲಿ. 2025ರ ಬೆಳೆಯ ಹಣ ಬರುವುದು 2026ರ ಅಕ್ಟೋಬರ್ ನಂತರ. ಅದನ್ನು ನಂಬಿ ಈಗಲೇ ಹೊಸ ಯಂತ್ರಕ್ಕೆ ಸಾಲ ಮಾಡಬೇಡಿ ಎಂದು ಆ ಮಗನಿಗೆ ನನ್ನ ಪರವಾಗಿ ತಿಳಿಸಿ.